ದುಡ್ಡೇ ದೊಡ್ಡಪ್ಪನಾದಾಗ

ನಮ್ಮ ಕೂಟಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಕೇಳಿಬರುವ ಮಾತುಗಳನ್ನು ಒಮ್ಮೆ ನೆನಪಿಸಿಕೊಳ್ಳೋಣ. ಯಾರ ಮಗಳಿಗೆ ಎ-ಲೆವೆಲ್‌ನಲ್ಲಿ ಎಷ್ಟು ಬಂತು, ಯಾರು ಹ್ಯಾರೋದಲ್ಲಿ ದೊಡ್ಡ ಮನೆ ಕೊಂಡರು, ಯಾರ ಮನೆ ಮುಂದೆ ಹೊಸ ಕಾರು ಬಂತು. ಇದರಲ್ಲಿ ತಪ್ಪೇನೂ ಇಲ್ಲ. ಕಷ್ಟಪಟ್ಟು ಮೇಲೆ ಬಂದವರು ನಾವು. ನಮ್ಮವರ ಏಳಿಗೆ ಕಂಡು ಹಿಗ್ಗುವುದು ಸಹಜವೇ. ಆದರೆ ‘ಎಷ್ಟು ಬಂತು?’ ಎಂದು ಕೇಳುವಷ್ಟು ಸಲ ‘ಹೇಗೆ ಬಂತು?’ ಎಂದು ಕೇಳುತ್ತೇವೆಯೇ?

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1938ರಲ್ಲಿ ಬರೆದ ಲೇಖನವೊಂದರ ತಿರುಳು ಇದೇ. ಪ್ರತಿಯೊಂದು ಸಮಾಜವೂ ತನ್ನ ಜನರ ಮುಂದೆ ಒಂದು ಗುರಿಯನ್ನಿಡುತ್ತದೆ. ಅದನ್ನು ಮುಟ್ಟಲು ಒಪ್ಪಿತವಾದ ದಾರಿಯನ್ನೂ ತೋರಿಸುತ್ತದೆ. ಗುರಿಯನ್ನು ಡಂಗುರ ಹೊಡೆದು ಸಾರಿ, ದಾರಿಯ ಮಾತನ್ನು ಮೆಲುದನಿಯಲ್ಲಿ ಆಡಿದರೆ ಅಡ್ಡದಾರಿಗಳು ಹುಟ್ಟಿಕೊಳ್ಳುತ್ತವೆ. ಬರಿಯ ಬಡತನ ಅಪರಾಧಕ್ಕೆ ಕಾರಣವಲ್ಲ. ಹಣವೇ ಎಲ್ಲರ ಗುರಿಯೆಂದು ಹೇಳಿ, ಕೆಲವರಿಗಷ್ಟೇ ಬಾಗಿಲು ತೆರೆದಿಟ್ಟಾಗ ತೊಡಕು ಶುರುವಾಗುತ್ತದೆ ಎಂದರು ಮರ್ಟನ್. ಮರುವರ್ಷವೇ ಎಡ್ವಿನ್ ಸದರ್‌ಲೆಂಡ್ ಎಂಬ ಮತ್ತೊಬ್ಬ ವಿದ್ವಾಂಸರು, ಅಪರಾಧ ಬಡವರ ಕೇರಿಯಲ್ಲಷ್ಟೇ ಅಲ್ಲ, ಗೌರವಸ್ಥರ ಕಚೇರಿಗಳಲ್ಲೂ ನಡೆಯುತ್ತದೆ ಎಂದು ತೋರಿಸಿಕೊಟ್ಟರು.

ದೂರದ ಉದಾಹರಣೆ ಬೇಕಿಲ್ಲ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಅವರ ಕಿಂಗ್‌ಫಿಷರ್ ವಿಮಾನಗಳು 2005ರ ಮೇ ತಿಂಗಳಲ್ಲಿ ಹಾರತೊಡಗಿದವು. 2012ರ ಅಕ್ಟೋಬರ್‌ನಲ್ಲಿ ನಿಂತುಹೋದವು. ನೌಕರರಿಗೆ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಬ್ಯಾಂಕುಗಳ ಬಾಕಿ ಬಡ್ಡಿ ಸೇರಿ ಸುಮಾರು 9,000 ಕೋಟಿ ರೂಪಾಯಿ. 2016ರ ಮಾರ್ಚ್ 2ರಂದು ಅವರು ಭಾರತ ಬಿಟ್ಟು ಇಲ್ಲಿಗೆ ಬಂದರು. ಮೇಲ್ನೋಟಕ್ಕೆ ಮೊಕದ್ದಮೆ ಇದೆಯೆಂದು ಮೇರಿಲ್‌ಬೋನ್ ರಸ್ತೆಯ ವೆಸ್ಟ್‌ಮಿನ್‌ಸ್ಟರ್ ನ್ಯಾಯಾಲಯ 2018ರ ಡಿಸೆಂಬರ್ 10ರಂದು ಹೇಳಿತು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟು ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಮಲ್ಯ ಅವರು ವಂಚನೆಯ ಆರೋಪವನ್ನು ನಿರಾಕರಿಸುತ್ತಲೇ ಬಂದಿದ್ದಾರೆ. ಅದು ವ್ಯಾಪಾರದ ನಷ್ಟವೆಂಬುದು ಅವರ ವಾದ. ಅವರ ಆಸ್ತಿಯಿಂದ ಬ್ಯಾಂಕುಗಳಿಗೆ 14,131 ಕೋಟಿ ರೂಪಾಯಿ ಮರಳಿದೆಯೆಂದು 2024ರ ಡಿಸೆಂಬರ್‌ನಲ್ಲಿ ಅರ್ಥ ಸಚಿವರು ಲೋಕಸಭೆಗೆ ತಿಳಿಸಿದ್ದೂ ಉಂಟು. ತೀರ್ಪು ಕೊಡುವುದು ನ್ಯಾಯಾಲಯದ ಕೆಲಸ, ನಮ್ಮದಲ್ಲ.

ನಮ್ಮ ಕೆಲಸ ನಮ್ಮನ್ನೇ ಕೇಳಿಕೊಳ್ಳುವುದು. 2002ರಲ್ಲೂ 2010ರಲ್ಲೂ ಕರ್ನಾಟಕದ ಶಾಸಕರು ಅವರನ್ನು ರಾಜ್ಯಸಭೆಗೆ ಕಳುಹಿಸಿದರು. ಲಂಡನ್ನಿನ ಹರಾಜಿನಿಂದ ಟಿಪ್ಪುವಿನ ಖಡ್ಗ ಕೊಂಡರೆಂದು ತಿಳಿದಾಗ, 2008ರಲ್ಲಿ ಬೆಂಗಳೂರಿನ ಕ್ರಿಕೆಟ್ ತಂಡ ಅವರದಾದಾಗ ‘ನಮ್ಮವರು’ ಎಂದು ಎದೆಯುಬ್ಬಿಸಿದವರಲ್ಲಿ ನಾವೂ ಇದ್ದೆವು. ವೈಭವ ಕಂಡು ಕೈ ತಟ್ಟಿದೆವು. ಸಾಲದ ಲೆಕ್ಕ ಕೇಳಲಿಲ್ಲ. ವಿಮಾನ ನಿಂತ ಮೇಲೆ ‘ಅವರು ಯಾವ ಸೀಮೆ ಕನ್ನಡಿಗರು’ ಎಂದು ಮುಖ ತಿರುಗಿಸಿದವರೂ ನಾವೇ! ‘ದುಡ್ಡೇ ದೊಡ್ಡಪ್ಪ’ ಎಂಬ ಗಾದೆಯನ್ನು ಎಲ್ಲರೂ ಹೇಳುತ್ತೇವೆ. ‘ವಿದ್ಯೆ ಅದರಪ್ಪ’ ಎಂಬ ಉಳಿದರ್ಧವನ್ನು ನುಂಗಿಬಿಡುತ್ತೇವೆ.

ಮಲ್ಯ ಅವರು ಇಲ್ಲಿಗೆ ಬರುವ ನಾಲ್ಕು ತಿಂಗಳ ಮುಂಚೆ, 2015ರ ನವೆಂಬರ್ 14ರಂದು, ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ ಬಸವಣ್ಣನವರ ಪ್ರತಿಮೆಯ ಅನಾವರಣವಾಯಿತು. ಅವರು ಬಿಜ್ಜಳನ ಭಂಡಾರಿ. ರಾಜ್ಯದ ಬೊಕ್ಕಸವೇ ಕೈಯಲ್ಲಿದ್ದವರು. ಅವರು ಎತ್ತಿಹಿಡಿದ ಕಾಯಕದಲ್ಲಿ ಗಳಿಕೆಗಿಂತ ಗಳಿಸುವ ಬಗೆ ಮುಖ್ಯ. ಅದೇ ಕಾಲದ ಶರಣ ಆಯ್ದಕ್ಕಿ ಮಾರಯ್ಯ, ಬಿದ್ದ ಅಕ್ಕಿಯನ್ನು ಆಯ್ದು ತಂದು ಬದುಕುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಇಷ್ಟೇಕೆ ಎಂದು ಕೇಳಿ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿಸಿದಳಂತೆ.

ಪೊಲೀಸರು, ನ್ಯಾಯಾಲಯ ಕೇಳುವುದು ಬಹಳ ತಡವಾಗಿ. ಮೊದಲು ಕೇಳಬೇಕಾದವರು ಮನೆಯವರು. ಮುಂದಿನ ರಜೆಯಲ್ಲಿ ಮಕ್ಕಳನ್ನು ಆ ಪ್ರತಿಮೆಯ ಬಳಿಗೆ ಕರೆದುಕೊಂಡು ಹೋಗಿ ಲಕ್ಕಮ್ಮನ ಕಥೆ ಹೇಳೋಣ. ಪರೀಕ್ಷೆಯ ಅಂಕ ಹಿಡಿದು ಮಗು ಮನೆಗೆ ಬಂದ ದಿನ ‘ಎಷ್ಟು?’ ಎಂದು ಕೇಳುವ ಮುನ್ನ ‘ಹೇಗೆ ಓದಿದೆ ಕಂದಾ?’ ಎಂದು ಕೇಳೋಣ.