ಹಾಲಿನ ಖರೀದಿ ದರ: ಉತ್ಪಾದಕರ ಅಸಮಾಧಾನದ ಹಿನ್ನೆಲೆ ಹಾಗೂ ತಿಳಿದಿರಬೇಕಾದ ಅಂಶಗಳು

ಪೀಠಿಕೆ

ರಾಜ್ಯದ ಗ್ರಾಮೀಣ ಕುಟುಂಬಗಳಲ್ಲಿ ಹೈನುಗಾರಿಕೆಯು ಕೃಷಿಗೆ ಪೂರಕವಾದ ಉಪಕಸುಬಾಗಿದ್ದು, ಸಣ್ಣ ಮತ್ತು ಅತಿ ಸಣ್ಣ ರೈತರಿಗೆ ಹಾಗೂ ಮಹಿಳೆಯರಿಗೆ ನಿಯತವಾಗಿ ನಗದು ಆದಾಯ ತಂದುಕೊಡುತ್ತದೆ. ಆದರೆ ಹಾಲಿಗೆ ದೊರೆಯುವ ದರವು ಉತ್ಪಾದನಾ ವೆಚ್ಚಕ್ಕೆ ಅನುಗುಣವಾಗಿಲ್ಲವೆಂಬ ಅಸಮಾಧಾನ ಉತ್ಪಾದಕರಲ್ಲಿ ಮೇಲಿಂದ ಮೇಲೆ ವ್ಯಕ್ತವಾಗುತ್ತಿದೆ. ಖರೀದಿ ದರವು ಹೇಗೆ ನಿಗದಿಯಾಗುತ್ತದೆ, ಯಾವ ಹಂತದಲ್ಲಿ ಕಡಿತವಾಗುತ್ತದೆ ಮತ್ತು ಉತ್ಪಾದಕರು ತಮ್ಮ ಸಂಘದಲ್ಲಿ ಏನನ್ನು ಪರಿಶೀಲಿಸಬಹುದು ಎಂಬ ವಿವರಗಳನ್ನು ರೈತ ಬಾಂಧವರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಹಾಲಿನ ಸಹಕಾರಿ ವ್ಯವಸ್ಥೆಯು ಜನ್ಮತಾಳಿದ್ದೇ ದರದ ಕುರಿತ ಅಸಮಾಧಾನದಿಂದ. ಗುಜರಾತಿನ ಖೇಡಾ ಜಿಲ್ಲೆಯ ರೈತರು ಪೋಲ್ಸನ್ ಡೇರಿಯು ನೀಡುತ್ತಿದ್ದ ದರವನ್ನು ವಿರೋಧಿಸಿ ಹಾಲು ಹಾಕುವುದನ್ನು ನಿಲ್ಲಿಸಿದರು. ಇದರ ಫಲವಾಗಿ 1946ರ ಡಿಸೆಂಬರ್‌ನಲ್ಲಿ ಆಣಂದದ ಸಹಕಾರಿ ಒಕ್ಕೂಟವು ನೋಂದಣಿಯಾಯಿತು. ಕರ್ನಾಟಕದಲ್ಲಿ ವಿಶ್ವಬ್ಯಾಂಕಿನ ನೆರವಿನೊಂದಿಗೆ 1974ರಲ್ಲಿ ಕರ್ನಾಟಕ ಹೈನುಗಾರಿಕೆ ಅಭಿವೃದ್ಧಿ ನಿಗಮವು ಆರಂಭವಾಗಿ, 1984ರಲ್ಲಿ ಕರ್ನಾಟಕ ಸಹಕಾರಿ ಹಾಲು ಉತ್ಪಾದಕರ ಮಹಾಮಂಡಳವಾಗಿ ರೂಪುಗೊಂಡಿತು. ಗ್ರಾಮ ಮಟ್ಟದಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘ, ಅದರ ಮೇಲೆ ಹಾಲು ಒಕ್ಕೂಟ ಮತ್ತು ರಾಜ್ಯ ಮಟ್ಟದಲ್ಲಿ ಮಹಾಮಂಡಳ ಎಂಬ ಮೂರು ಹಂತಗಳಲ್ಲಿ ವ್ಯವಹಾರ ನಡೆಯುತ್ತದೆ.

ದರ ನಿಗದಿಯಾಗುವ ಕ್ರಮ

ಕೇಂದ್ರ ಸರ್ಕಾರವು ಪ್ರಕಟಿಸುವ ಕನಿಷ್ಠ ಬೆಂಬಲ ಬೆಲೆಯ ವ್ಯಾಪ್ತಿಗೆ ಹಾಲು ಒಳಪಟ್ಟಿರುವುದಿಲ್ಲ. ಭತ್ತ, ರಾಗಿ ಬೆಳೆಯುವ ರೈತರಿಗೆ ಹಂಗಾಮಿನ ಆರಂಭದಲ್ಲಿಯೇ ಒಂದು ಬೆಲೆ ತಿಳಿದಿರುತ್ತದೆ. ಹೈನುಗಾರರಿಗೆ ಅಂತಹ ಖಾತರಿ ಇಲ್ಲ. ಪ್ರತಿಯೊಂದು ಒಕ್ಕೂಟವೂ ತನ್ನ ಮಾರಾಟ, ವೆಚ್ಚ ಮತ್ತು ದಾಸ್ತಾನಿಗೆ ಅನುಸಾರವಾಗಿ ಖರೀದಿ ದರವನ್ನು ನಿರ್ಧರಿಸುತ್ತದೆ. ಆದುದರಿಂದಲೇ ನೆರೆಯ ಎರಡು ಜಿಲ್ಲೆಗಳಲ್ಲಿ ದರ ಬೇರೆ ಬೇರೆಯಾಗಿರುವುದುಂಟು. ಖಾಸಗಿ ಡೇರಿಗಳು ತಮ್ಮ ವ್ಯವಹಾರಕ್ಕೆ ತಕ್ಕಂತೆ ದರ ನಿಗದಿಪಡಿಸಿಕೊಳ್ಳುತ್ತವೆ.

ಹಾಲಿನ ಬೆಲೆಯನ್ನು ಪ್ರಮಾಣದ ಜೊತೆಗೆ ಅದರಲ್ಲಿರುವ ಜಿಡ್ಡಿನಂಶ ಮತ್ತು ಜಿಡ್ಡೇತರ ಘನಾಂಶ, ಅಂದರೆ ಎಸ್.ಎನ್.ಎಫ್., ಇವುಗಳ ಆಧಾರದ ಮೇಲೆ ಲೆಕ್ಕ ಹಾಕಲಾಗುತ್ತದೆ. ಹಸುವಿನ ಹಾಲಿಗೆ ಸಾಮಾನ್ಯವಾಗಿ ಶೇ. 3.5 ಜಿಡ್ಡು ಮತ್ತು ಶೇ. 8.5 ಎಸ್.ಎನ್.ಎಫ್. ಅನ್ನು ಮೂಲ ಮಾನದಂಡವಾಗಿಟ್ಟುಕೊಂಡು, ಅದಕ್ಕಿಂತ ಕಡಿಮೆಯಾದಂತೆ ದರದಲ್ಲಿ ಕಡಿತ ಮಾಡಲಾಗುತ್ತದೆ. ಪ್ರಕಟಿತ ದರವನ್ನು ಪತ್ರಿಕೆಯಲ್ಲಿ ಓದಿದ ಉತ್ಪಾದಕರು ಬಟವಾಡೆಯ ದಿನ ಕಡಿಮೆ ಹಣ ಪಡೆಯುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಪರೀಕ್ಷೆಯಲ್ಲಿನ ಸಣ್ಣ ವ್ಯತ್ಯಾಸ, ಆದಾಯದಲ್ಲಿ ದೊಡ್ಡ ನಷ್ಟ

ಎಸ್.ಎನ್.ಎಫ್. ಪ್ರಮಾಣವನ್ನು ಲ್ಯಾಕ್ಟೋಮೀಟರ್ ಮಾಪನ ಮತ್ತು ಜಿಡ್ಡಿನ ಪ್ರಮಾಣದಿಂದ ಸೂತ್ರದ ಮೂಲಕ ಕಂಡುಹಿಡಿಯುವುದು ರೂಢಿಯಲ್ಲಿರುವ ಕ್ರಮ. ಈ ಸೂತ್ರದಲ್ಲಿ ಲ್ಯಾಕ್ಟೋಮೀಟರ್ ಮಾಪನವನ್ನು ನಾಲ್ಕರಿಂದ ಭಾಗಿಸಲಾಗುತ್ತದೆ. ಅಂದರೆ ಮಾಪನದಲ್ಲಿ ಕೇವಲ 1 ಡಿಗ್ರಿ ಕಡಿಮೆಯಾದರೂ ಎಸ್.ಎನ್.ಎಫ್. 0.25ರಷ್ಟು ಇಳಿಯುತ್ತದೆ, 8.5 ಇರಬೇಕಾದ ಹಾಲು 8.25 ಎಂದು ದಾಖಲಾಗುತ್ತದೆ.

ಬೆಚ್ಚಗಿನ ಹಾಲಿನ ಸಾಂದ್ರತೆ ಕಡಿಮೆಯಿರುವುದರಿಂದ ಲ್ಯಾಕ್ಟೋಮೀಟರ್ ಕಡಿಮೆ ಅಂಕಿ ತೋರಿಸುತ್ತದೆ. ಮಾಪಕಕ್ಕೆ ನಿಗದಿಯಾದ ಉಷ್ಣಾಂಶಕ್ಕಿಂತ ಹಾಲು 5 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬೆಚ್ಚಗಿದ್ದರೆ ಮಾಪನವು ಸುಮಾರು 1 ಡಿಗ್ರಿ ಕಡಿಮೆ ಬರುತ್ತದೆ. ಆದುದರಿಂದ ಹಾಲಿನ ಉಷ್ಣಾಂಶವನ್ನು ನೋಡಿ ಮಾಪನವನ್ನು ಸರಿಪಡಿಸಿಕೊಳ್ಳುವುದು ಅತ್ಯವಶ್ಯ. ಇದಲ್ಲದೆ ಆಗತಾನೆ ಕರೆದ ನೊರೆಹಾಲಿನಲ್ಲಿ ಗಾಳಿ ಸೇರಿಕೊಂಡಿರುವುದರಿಂದಲೂ ಮಾಪನ ಕಡಿಮೆ ಬರುತ್ತದೆ. ಸ್ವಯಂಚಾಲಿತ ಪರೀಕ್ಷಾ ಯಂತ್ರಗಳಿರುವ ಕಡೆ ಯಂತ್ರವನ್ನು ಪ್ರತಿದಿನ ಸ್ವಚ್ಛಗೊಳಿಸದಿದ್ದಲ್ಲಿ ಅಥವಾ ಕಾಲಕಾಲಕ್ಕೆ ಹೊಂದಾಣಿಕೆ ಮಾಡದಿದ್ದಲ್ಲಿ ಫಲಿತಾಂಶ ತಪ್ಪಾಗುತ್ತದೆ.

ಉದಾಹರಣೆಗೆ, ದಿನಕ್ಕೆ ಸರಾಸರಿ 10 ಲೀಟರ್ ಹಾಲು ಹಾಕುವ ಉತ್ಪಾದಕರಿಗೆ ಲೀಟರಿಗೆ 1 ರೂ. ಕಡಿತವಾದಲ್ಲಿ ತಿಂಗಳಿಗೆ 300 ರೂ. ಹಾಗೂ 305 ದಿನಗಳ ಒಂದು ಸೂಲಿನಲ್ಲಿ 3,050 ರೂ. ನಷ್ಟವಾಗುತ್ತದೆ. ಒಂದೆರಡು ಹಸುಗಳಿರುವ ಕುಟುಂಬಕ್ಕೆ ಇದು ಅಲ್ಪ ಮೊತ್ತವಲ್ಲ.

ಗ್ರಾಹಕ ದರ ಮತ್ತು ಉತ್ಪಾದಕರ ಪಾಲು

ಮಾರಾಟ ದರ ಏರಿದಾಗಲೆಲ್ಲ ತಮ್ಮ ದರವೂ ಅಷ್ಟೇ ಏರಬೇಕೆಂಬುದು ಉತ್ಪಾದಕರ ನಿರೀಕ್ಷೆ. 2024ರ ಜೂನ್‌ನಲ್ಲಿ ನಂದಿನಿ ಹಾಲಿನ ಪೊಟ್ಟಣದ ಬೆಲೆ 2 ರೂ. ಹೆಚ್ಚಾದಾಗ ಪ್ರತಿ ಪೊಟ್ಟಣದಲ್ಲಿ 50 ಮಿ.ಲೀ. ಹಾಲನ್ನು ಹೆಚ್ಚುವರಿಯಾಗಿ ನೀಡಲಾಗಿತ್ತು. ಅದು ಹೆಚ್ಚುವರಿ ಹಾಲಿನ ಬೆಲೆಯಾಗಿದ್ದು, ಖರೀದಿ ದರದ ಏರಿಕೆಗೆ ಸಂಬಂಧಿಸಿರಲಿಲ್ಲ. 2025ರ ಏಪ್ರಿಲ್ 1ರಿಂದ ಆ ಹೆಚ್ಚುವರಿ ಪ್ರಮಾಣವನ್ನು ಹಿಂಪಡೆದು, ಟೋನ್ಡ್ ಹಾಲಿನ ದರವನ್ನು ಲೀಟರಿಗೆ 42 ರೂ.ಗಳಿಂದ 46 ರೂ.ಗಳಿಗೆ ಹೆಚ್ಚಿಸಲಾಯಿತು. ಈ 4 ರೂ. ಹೆಚ್ಚಳವನ್ನು ಉತ್ಪಾದಕರಿಗೆ ವರ್ಗಾಯಿಸುವುದಾಗಿ ಪ್ರಕಟಿಸಲಾಯಿತು.

ಗ್ರಾಹಕರು ನೀಡುವ ಹಣದಲ್ಲಿ ಸಂಘದ ನಿರ್ವಹಣೆ, ಶೈತ್ಯೀಕರಣ, ಸಾಗಾಣಿಕೆ, ಸಂಸ್ಕರಣೆ, ಪೊಟ್ಟಣ ಮತ್ತು ಮಾರಾಟಗಾರರ ಕಮಿಷನ್ ವೆಚ್ಚಗಳು ಕಳೆದು ಉಳಿದದ್ದು ಉತ್ಪಾದಕರಿಗೆ ಸಲ್ಲುತ್ತದೆ. ಆದರೆ ಸಂಗ್ರಹವಾದ ಹಾಲೆಲ್ಲವೂ ಪೊಟ್ಟಣದ ಹಾಲಾಗಿ ಮಾರಾಟವಾಗುವುದಿಲ್ಲ. ಮಳೆ ಬಂದು ಹಸಿರು ಮೇವು ಹೆಚ್ಚಿದಾಗ ಹಾಲಿನ ಉತ್ಪಾದನೆ ಏರುತ್ತದೆ. ಉಳಿಕೆ ಹಾಲನ್ನು ಪುಡಿ ಮತ್ತು ಬೆಣ್ಣೆಯಾಗಿ ಪರಿವರ್ತಿಸಬೇಕಾಗುತ್ತದೆ. 10 ಲೀಟರ್ ಹಾಲಿನಿಂದ ಸುಮಾರು 900 ಗ್ರಾಂ ಕೆನೆರಹಿತ ಹಾಲಿನ ಪುಡಿ ಮಾತ್ರ ದೊರೆಯುತ್ತದೆ. ಪುಡಿಯ ಮಾರುಕಟ್ಟೆ ದರ ಕುಸಿದಾಗ ಒಕ್ಕೂಟಗಳು ಖರೀದಿ ದರವನ್ನು ಇಳಿಸುತ್ತವೆ. ಹೀಗೆ ಹಸು ಹೆಚ್ಚು ಹಾಲು ಕೊಡುವ ತಿಂಗಳುಗಳಲ್ಲಿಯೇ ದರ ಇಳಿಯುವುದು ಅಸಮಾಧಾನಕ್ಕೆ ಮುಖ್ಯ ಕಾರಣವಾಗಿದೆ. ದರ ಇಳಿದರೂ ಹಿಂಡಿ, ಬೂಸಾ ಮತ್ತು ಪಶು ಆಹಾರದ ಬೆಲೆ ಇಳಿಯುವುದಿಲ್ಲ. ಹಾಲು ಉತ್ಪಾದನಾ ವೆಚ್ಚದಲ್ಲಿ ಮೇವು ಮತ್ತು ಆಹಾರದ ಪಾಲೇ ಸುಮಾರು ಶೇ. 60ರಿಂದ 70ರಷ್ಟಿರುತ್ತದೆ.

ಸರ್ಕಾರದ ಪ್ರೋತ್ಸಾಹಧನ

ಸಹಕಾರ ಸಂಘಗಳಿಗೆ ಹಾಲು ಹಾಕುವ ಉತ್ಪಾದಕರಿಗೆ ರಾಜ್ಯ ಸರ್ಕಾರವು 2008ರಲ್ಲಿ ಲೀಟರಿಗೆ 2 ರೂ. ಪ್ರೋತ್ಸಾಹಧನವನ್ನು ಜಾರಿಗೆ ತಂದಿತು. ಇದನ್ನು 2013ರಲ್ಲಿ 4 ರೂ.ಗಳಿಗೂ, 2016ರಲ್ಲಿ 5 ರೂ.ಗಳಿಗೂ ಹೆಚ್ಚಿಸಲಾಯಿತು. ಈ ಹಣವು ಒಕ್ಕೂಟದ ಖರೀದಿ ದರಕ್ಕೆ ಸೇರಿದ್ದಲ್ಲ. ಇದನ್ನು ಪ್ರತ್ಯೇಕವಾಗಿ ಉತ್ಪಾದಕರ ಬ್ಯಾಂಕ್ ಖಾತೆಗೆ ಜಮಾ ಮಾಡಲಾಗುತ್ತದೆ. ಕೆಲವು ಸಂದರ್ಭಗಳಲ್ಲಿ ಪ್ರೋತ್ಸಾಹಧನವು ತಿಂಗಳುಗಟ್ಟಲೆ ಬಾಕಿ ಉಳಿದು ಉತ್ಪಾದಕರಿಗೆ ತೊಂದರೆಯಾಗಿರುವುದೂ ಉಂಟು. ಖಾಸಗಿ ಡೇರಿಗಳಿಗೆ ಹಾಕಿದ ಹಾಲಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲವಾದ್ದರಿಂದ, ದರಗಳನ್ನು ಹೋಲಿಸುವಾಗ ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಸಂಘದಲ್ಲಿ ಉತ್ಪಾದಕರು ಪರಿಶೀಲಿಸಬೇಕಾದ ಅಂಶಗಳು

1. ಪ್ರತಿ ಹೊತ್ತಿನ ಹಾಲಿನ ಪ್ರಮಾಣ, ಜಿಡ್ಡು, ಎಸ್.ಎನ್.ಎಫ್. ಮತ್ತು ದರವನ್ನು ನಮೂದಿಸಿದ ಚೀಟಿಯನ್ನು ಅಥವಾ ಪಾಸ್ ಪುಸ್ತಕದ ನಮೂದನ್ನು ತಪ್ಪದೇ ಪಡೆಯುವುದು.

2. ಹಾಲನ್ನು ತೂಕದಲ್ಲಿ ಪಡೆಯಲಾಗುತ್ತಿದೆಯೇ ಅಥವಾ ಅಳತೆಯಲ್ಲಿಯೇ ಎಂದು ತಿಳಿಯುವುದು. 1 ಲೀಟರ್ ಹಾಲು ಸುಮಾರು 1.03 ಕಿಲೋಗ್ರಾಂ ತೂಗುತ್ತದೆ. ತೂಕದ ಯಂತ್ರದ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು.

3. ಮಾದರಿ ತೆಗೆಯುವ ಮುನ್ನ ಹಾಲನ್ನು ಚೆನ್ನಾಗಿ ಕಲಕಲಾಗುತ್ತಿದೆಯೇ ಎಂದು ನೋಡುವುದು. ಜಿಡ್ಡು ಮೇಲೆ ತೇಲುವುದರಿಂದ ಕಲಕದೆ ತೆಗೆದ ಮಾದರಿ ಸರಿಯಾದ ಫಲಿತಾಂಶ ಕೊಡುವುದಿಲ್ಲ.

4. ಫಲಿತಾಂಶದ ಬಗ್ಗೆ ಸಂಶಯವಿದ್ದಲ್ಲಿ ಹಾಲನ್ನು ಒಟ್ಟುಗೂಡಿಸುವ ಮುನ್ನವೇ ಮರುಪರೀಕ್ಷೆ ಕೋರುವುದು.

5. ಪರೀಕ್ಷೆಗೆ ತೆಗೆದ ಮಾದರಿ ಹಾಲಿನ ಪ್ರಮಾಣ ಮತ್ತು ಅದರ ಮಾರಾಟದಿಂದ ಬಂದ ಹಣದ ಲೆಕ್ಕವನ್ನು ವಾರ್ಷಿಕ ಮಹಾಸಭೆಯಲ್ಲಿ ಕೇಳಿ ತಿಳಿಯುವುದು. ಸಂಘದ ಲಾಭ ಮತ್ತು ಬೋನಸ್ ಕುರಿತು ಪ್ರಶ್ನಿಸುವ ಹಕ್ಕು ಪ್ರತಿಯೊಬ್ಬ ಸದಸ್ಯರಿಗೂ ಇದೆ.

ಮನೆಯಲ್ಲಿ ಕೈಗೊಳ್ಳಬೇಕಾದ ಕ್ರಮಗಳು

ಕೆಚ್ಚಲು ಬಾವು ತಗುಲಿದ ಹಸುವಿನ ಹಾಲಿನಲ್ಲಿ ಎಸ್.ಎನ್.ಎಫ್. ಇಳಿಯುತ್ತದೆ. ಹೊರನೋಟಕ್ಕೆ ಕಾಣದ ಸುಪ್ತ ಬಾವಿನಲ್ಲಿಯೂ ಹೀಗಾಗುವುದರಿಂದ, ಕಾರಣವಿಲ್ಲದೆ ಎಸ್.ಎನ್.ಎಫ್. ಇಳಿದಲ್ಲಿ ಕೆಚ್ಚಲಿನ ಪರೀಕ್ಷೆ ಮಾಡಿಸಬೇಕು. ಕರೆಯುವಾಗ ಮೊದಲು ಬರುವ ಹಾಲಿಗಿಂತ ಕೊನೆಯ ಹಾಲಿನಲ್ಲಿ ಜಿಡ್ಡು ಹೆಚ್ಚಿರುವುದರಿಂದ ಹಾಲನ್ನು ಪೂರ್ಣವಾಗಿ ಕರೆಯಬೇಕು. ಒಣ ಮೇವು ಕಡಿಮೆ ಮಾಡಿ ಪಶು ಆಹಾರವನ್ನಷ್ಟೇ ಹೆಚ್ಚಿಸಿದರೆ ಜಿಡ್ಡು ಇಳಿಯುತ್ತದೆ. ಒಟ್ಟಾರೆ ಆಹಾರ ಸಾಲದಾದರೆ ಎಸ್.ಎನ್.ಎಫ್. ಇಳಿಯುತ್ತದೆ. ಹಸಿರು ಮೇವು, ಒಣ ಮೇವು, ಪಶು ಆಹಾರ ಮತ್ತು ಖನಿಜ ಮಿಶ್ರಣವನ್ನು ಸಮತೋಲನದಲ್ಲಿ ನೀಡಬೇಕು. ಬೇಸಿಗೆಯಲ್ಲಿ ನೆರಳು ಹಾಗೂ ಸಾಕಷ್ಟು ಕುಡಿಯುವ ನೀರು ಒದಗಿಸಬೇಕು. ಹಾಲಿಗೆ ನೀರು ಬೆರೆಸಿದಲ್ಲಿ ಜಿಡ್ಡು ಮತ್ತು ಎಸ್.ಎನ್.ಎಫ್. ಎರಡೂ ಇಳಿಯುವುದಲ್ಲದೆ ಇಡೀ ಸಂಘದ ಹಾಲಿನ ಗುಣಮಟ್ಟಕ್ಕೆ ಧಕ್ಕೆಯಾಗುತ್ತದೆ.

ದೂರು ಮತ್ತು ಪರಿಹಾರ

ಅಳತೆ, ಪರೀಕ್ಷೆ ಅಥವಾ ಬಟವಾಡೆಯ ಬಗ್ಗೆ ದೂರುಗಳಿದ್ದಲ್ಲಿ ಚೀಟಿಗಳ ಸಮೇತ ಮೊದಲು ಸಂಘದ ಕಾರ್ಯದರ್ಶಿ ಹಾಗೂ ಅಧ್ಯಕ್ಷರಿಗೆ ಲಿಖಿತವಾಗಿ ಸಲ್ಲಿಸಬೇಕು. ಅಲ್ಲಿ ಪರಿಹಾರ ದೊರೆಯದಿದ್ದಲ್ಲಿ ಒಕ್ಕೂಟದ ವಿಸ್ತರಣಾಧಿಕಾರಿಗಳಿಗೆ, ಆನಂತರ ಸಹಕಾರ ಇಲಾಖೆಯ ಅಧಿಕಾರಿಗಳಿಗೆ ದೂರು ನೀಡಬಹುದು. ಖರೀದಿ ದರವನ್ನು ಒಬ್ಬ ಉತ್ಪಾದಕರು ಬದಲಿಸಲಾರರು. ಆದರೆ ತಾವು ಹಾಕಿದ ಹಾಲು ಸರಿಯಾಗಿ ಅಳತೆಯಾಗಿ, ಸರಿಯಾಗಿ ಪರೀಕ್ಷೆಯಾಗಬೇಕೆಂದು ಕೇಳುವುದು ಪ್ರತಿಯೊಬ್ಬರ ಹಕ್ಕಾಗಿರುತ್ತದೆ. ದರ ನಿಗದಿಯ ಕುರಿತ ಬೇಡಿಕೆಗಳನ್ನು ಸಂಘದ ಮಹಾಸಭೆಯಲ್ಲಿ ಮಂಡಿಸಿ, ನಿರ್ಣಯದ ರೂಪದಲ್ಲಿ ಒಕ್ಕೂಟಕ್ಕೆ ಕಳುಹಿಸುವುದು ಸೂಕ್ತ.

ಕೆಚ್ಚಲು ಬಾವು ಪರೀಕ್ಷೆ, ಮೇವು ಮತ್ತು ಆಹಾರದ ಕುರಿತು ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ತಮ್ಮ ಸಮೀಪದ ಪಶುವೈದ್ಯ ಸಂಸ್ಥೆಯನ್ನು ಸಂಪರ್ಕಿಸಬಹುದಾಗಿದೆ.