ಅಣಬೆಯ ಗುರುತು

ಮೃಗಶಿರೆ ಮಳೆ ನಾಲ್ಕು ದಿನ ಸುರಿದು ಐದನೆಯ ದಿನ ಎಳೆಬಿಸಿಲು ಬಿದ್ದಿತೆಂದರೆ ಸಾಕು, ನೆಲದಿಂದ ಅಣಬೆಗಳು ಏಳುತ್ತವೆ. ನಿನ್ನೆ ಸಂಜೆ ಬರಿದಾಗಿದ್ದ ಹುತ್ತದ ಬದಿಯಲ್ಲಿ ಇಂದು ಬೆಳಗ್ಗೆ ಬಿಳಿಯ ಕೊಡೆಗಳ ಸಂತೆಯೇ ನೆರೆದಿರುತ್ತದೆ. ಗುಡುಗಿನಿಂದ ಅಣಬೆ ಹುಟ್ಟುತ್ತದೆಂದು ನಮ್ಮ ಹಿರಿಯರು ಹೇಳುವುದುಂಟು. ದಾವಣಗೆರೆಯ ಸೀಮೆ ಮಲೆನಾಡಲ್ಲ, ನಿಜ. ಆದರೂ ಕೊಂಡಜ್ಜಿಯ ಗುಡ್ಡದ ತಪ್ಪಲು, ಚನ್ನಗಿರಿಯ ಕಾಡಂಚು, ಭದ್ರಾ ನಾಲೆಯ ಗದ್ದೆಯ ಬದು, ಹುಲ್ಲಿನ ಬಣವೆ ಇವೆಲ್ಲ ಅಣಬೆಗೆ ಒಗ್ಗುವ ತಾಣಗಳೇ.

ಈ ಲೇಖನಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ವಿದ್ಯಾನಗರದ ನಮ್ಮ ಬಾಡಿಗೆ ಕೋಣೆಗೆ ಗೆಳೆಯನೊಬ್ಬನು ಹುಲ್ಲುಗಾವಲಿನಿಂದ ಒಂದು ಟವೆಲ್ಲು ತುಂಬ ಅಣಬೆ ತಂದನು. ಬಿಳಿಯ ಕೊಡೆ, ಮೇಲೆ ಕಂದು ಚಕ್ಕೆಗಳು. ನೋಡಲು ಬಲು ಸೊಗಸು. ಸಾರು ಕುದಿಯುವಾಗ ಬೆಳ್ಳಿಯ ಉಂಗುರವೊಂದನ್ನು ಅದರಲ್ಲಿ ಅದ್ದಿದೆವು. ಉಂಗುರ ಕಪ್ಪಾಗಲಿಲ್ಲ. ಮೂವರು ಧೈರ್ಯವಾಗಿ ಉಂಡೆವು. ಎರಡು ಗಂಟೆ ಕಳೆಯುವುದರೊಳಗೆ ಮೂವರಿಗೂ ವಾಂತಿ, ಭೇದಿ! ಆ ರಾತ್ರಿಯನ್ನು ಆಸ್ಪತ್ರೆಯಲ್ಲಿ ಕಳೆದು ಬದುಕಿಕೊಂಡೆವು. ಮರುದಿನ ಕೋಣೆಗೆ ಬಂದು ನೋಡಿದರೆ, ವೃತ್ತಪತ್ರಿಕೆಯ ಮೇಲೆ ಉಳಿದಿದ್ದ ಒಂದು ಕೊಡೆಯ ಕೆಳಗೆ ಹಸಿರು ಹುಡಿ ಉದುರಿತ್ತು. ಆ ಹುಡಿಯೇ ಅದರ ನಿಜವಾದ ಗುರುತೆಂದು ನಮ್ಮ ಸಸ್ಯಶಾಸ್ತ್ರದ ಉಪನ್ಯಾಸಕರಿಂದ ತಿಳಿಯಿತು. ಅದರ ಹೆಸರು ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್. ಉಷ್ಣದೇಶಗಳ ಹುಲ್ಲುನೆಲದಲ್ಲಿ ಇದು ಸಾಮಾನ್ಯ. ಎಳೆಯದಾಗಿದ್ದಾಗ ಅದರ ಅಡಿಯ ಪದರಗಳು ಬಿಳಿಯಾಗಿದ್ದು, ಬಲಿತ ಮೇಲಷ್ಟೇ ಹಸಿರಾಗುತ್ತವೆ. ಮೋಸಹೋಗುವುದು ಇಲ್ಲಿಯೇ.

ಅಣಬೆಯೆಂದರೇನು? ಅದಕ್ಕೆ ಎಲೆಯಿಲ್ಲ, ಪತ್ರಹರಿತ್ತಿಲ್ಲ. ನೆಲದೊಳಗೆ ಅಥವಾ ಕೊಳೆತ ಮರದೊಳಗೆ ಬಿಳಿಯ ನೂಲಿನ ಜಾಲದಂತೆ ಹಬ್ಬಿರುವ ಶಿಲೀಂಧ್ರವೇ ಮೂಲ ಜೀವ. ನಾವು ಕಾಣುವ ಕೊಡೆ ಅದರ ಫಲ ಮಾತ್ರ. ಕೊಡೆಯಡಿಯ ಪದರಗಳಿಂದ ಧೂಳಿನಂತಹ ಬೀಜಕಣಗಳು ಉದುರುತ್ತವೆ.

ಈಗ ಜನರಲ್ಲಿ ರೂಢಿಯಾಗಿರುವ ಪರೀಕ್ಷೆಗಳನ್ನು ನೋಡೋಣ. ವಿಷದ ಅಣಬೆ ಬೆಳ್ಳಿಯನ್ನು ಕಪ್ಪಾಗಿಸುತ್ತದೆಂಬುದು ಒಂದು. ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕದ ಸಂಯುಕ್ತಗಳು. ಕೋಳಿಮೊಟ್ಟೆ ತಾಗಿದರೂ ಬೆಳ್ಳಿ ಕಪ್ಪಾಗುತ್ತದೆ. ಹುಳು ತಿಂದ ಅಣಬೆ ಮನುಷ್ಯನಿಗೂ ಒಳ್ಳೆಯದೆಂಬುದು ಇನ್ನೊಂದು. ಮನುಷ್ಯನನ್ನು ಕೊಲ್ಲುವ ಅಣಬೆಯನ್ನೂ ಹುಳುಗಳು ಸುಖವಾಗಿ ಮೇಯುತ್ತವೆ. ಬಣ್ಣಬಣ್ಣದ್ದು ಮಾತ್ರ ವಿಷವೆಂಬ ಮಾತೂ ಸುಳ್ಳು. ಅತ್ಯಂತ ಘೋರವಾದವು ಬಿಳಿ ಇಲ್ಲವೆ ಮಾಸಲು ಬಣ್ಣದವು. ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆಂಬ ನಂಬಿಕೆಯಂತೂ ಪ್ರಾಣಾಂತಿಕ.

ಹಾಗಾದರೆ ಗುರುತಿಸುವುದು ಹೇಗೆ? ಬೆಳೆದ ಜಾಗ, ಕೊಡೆಯ ಅಡಿಭಾಗ, ಕಾಂಡದ ಮೇಲಿನ ಉಂಗುರ, ಬುಡ ಮತ್ತು ಬೀಜಕಣದ ಬಣ್ಣ ಇವೆಲ್ಲವನ್ನೂ ಒಟ್ಟಿಗೆ ನೋಡಬೇಕು. ಅಣಬೆಯನ್ನು ಚಿವುಟಿ ತಂದರೆ ಬುಡದ ಗುರುತು ಮಣ್ಣಿನಲ್ಲೇ ಉಳಿದುಹೋಗುತ್ತದೆ. ಆದ್ದರಿಂದ ಬುಡಸಹಿತ ಅಗೆದು ನೋಡಬೇಕು.

ಹುತ್ತದ ಅಣಬೆಯನ್ನು ಅಗೆದರೆ ಕಾಂಡವು ಬೇರಿನಂತೆ ಸಪೂರವಾಗಿ ಕೆಳಗಿಳಿದು ಗೆದ್ದಲಿನ ಗೂಡನ್ನು ಮುಟ್ಟುತ್ತದೆ. ಗೆದ್ದಲುಗಳು ಆ ಗೂಡಿನಲ್ಲಿ ಈ ಶಿಲೀಂಧ್ರವನ್ನು ಸಾಕುತ್ತವೆ. ಅದು ಕಟ್ಟಿಗೆ ಕಸವನ್ನು ಜೀರ್ಣಿಸಿ ಅವುಗಳಿಗೆ ಆಹಾರವಾಗುತ್ತದೆ. ಫ್ರಾನ್ಸಿನ ರೋಜರ್ ಹೈಮ್ 1942ರಲ್ಲಿ ಈ ಕುಲಕ್ಕೆ ಟರ್ಮಿಟೋಮೈಸಿಸ್ ಎಂಬ ಹೆಸರಿಟ್ಟರು. ಇದರ ಕೊಡೆಯ ನಡುವೆ ಮೊನಚಾದ ಗುಬಟಿರುತ್ತದೆ.

ಬಣವೆಯಲ್ಲಿ ಹುಟ್ಟುವ ಭತ್ತದ ಹುಲ್ಲಿನ ಅಣಬೆಯದು ಇನ್ನೊಂದು ಕಥೆ. ಇದರ ಬುಡದಲ್ಲಿ ಒಂದು ಬಟ್ಟಲು ಇರುತ್ತದೆ. ಮಾರಕವಾದ ಅಮಾನಿಟಾ ಅಣಬೆಗೂ ಬುಡದಲ್ಲಿ ಅಂತಹುದೇ ಬಟ್ಟಲು! ಮೊಗ್ಗಿನಲ್ಲಿ ಎರಡೂ ಮೊಟ್ಟೆಯಂತೆಯೇ ಕಾಣುತ್ತವೆ. ಅಮೆರಿಕಕ್ಕೆ ವಲಸೆ ಹೋದ ಏಷ್ಯಾದವರು ತಮ್ಮೂರಿನ ಹುಲ್ಲಿನ ಅಣಬೆಯೆಂದೇ ಅಮಾನಿಟಾವನ್ನು ಕಿತ್ತು ತಿಂದ ಪ್ರಸಂಗಗಳಿವೆ. ಹುಲ್ಲಿನ ಅಣಬೆಗೆ ಕಾಂಡದ ಮೇಲೆ ಉಂಗುರವಿಲ್ಲ, ಬೀಜಕಣ ನಸುಗೆಂಪು. ಅಮಾನಿಟಾದ ಬೀಜಕಣ ಬಿಳಿ.

ಬೀಜಕಣದ ಬಣ್ಣ ತಿಳಿಯುವುದು ಸುಲಭ. ಬಲಿತ ಕೊಡೆಯ ಕಾಂಡವನ್ನು ಕತ್ತರಿಸಿ, ಅರ್ಧ ಬಿಳಿ, ಅರ್ಧ ಕಪ್ಪು ಇರುವ ಕಾಗದದ ಮೇಲೆ ಪದರಗಳು ಕೆಳಮುಖವಾಗುವಂತೆ ಇಟ್ಟು, ಮೇಲೊಂದು ಲೋಟ ಕವುಚಿರಿ. ಬೆಳಗಾಗುವುದರೊಳಗೆ ಹುಡಿಯ ಚಿತ್ರ ಮೂಡಿರುತ್ತದೆ. ಆದರೆ ಇದು ಗುರುತಿಗೆ ಸಹಾಯಕವೇ ಹೊರತು ತಿನ್ನಲು ರಹದಾರಿಯಲ್ಲ.

ನಮಗಾದುದು ಬೇಗ ಕಾಣಿಸಿಕೊಂಡ ವಿಷ. ಅಮಾನಿಟಾದ ವಿಷ ಹಾಗಲ್ಲ. ತಿಂದ ಮೇಲೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಏನೂ ತೋರದು. ಬಳಿಕ ವಾಂತಿ ಭೇದಿ. ಅದು ತಗ್ಗಿ ಗುಣವಾಯಿತೆಂದು ರೋಗಿ ನೆಮ್ಮದಿಯಾಗಿರುವಾಗಲೇ ಒಳಗೆ ಪಿತ್ತಜನಕಾಂಗ ನಾಶವಾಗುತ್ತಿರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು 13 ಮಂದಿ ತೀರಿಕೊಂಡರು. ಅವರಲ್ಲಿ ಹೆಚ್ಚಿನವರು ಚಹಾತೋಟದ ಬಡ ಕುಟುಂಬದವರು. ಆದ್ದರಿಂದ ಸಂಶಯ ಬಂದ ಕೂಡಲೆ, ವಾಂತಿ ನಿಂತಿದ್ದರೂ, ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಧಾವಿಸಬೇಕು.

ಹಾಗೆಂದು ಅಣಬೆಯನ್ನು ಕಂಡು ಹೆದರಿ ಓಡಬೇಕಾಗಿಲ್ಲ. ತಲೆತಲಾಂತರದಿಂದ ಒಂದೇ ಹುತ್ತದ ಅಣಬೆಯನ್ನು ತಿಂದು ಬಾಳಿದ ಹಳ್ಳಿಯ ಹಿರಿಯರ ಅನುಭವ ದೊಡ್ಡದು. ಆದರೆ ಆ ಅನುಭವ ಆ ನೆಲಕ್ಕೆ, ಆ ಅಣಬೆಗೆ ಸೇರಿದ್ದು. ಬೇರೊಂದು ಹುಲ್ಲುಗಾವಲಿಗೆ ಅದನ್ನು ಹೊತ್ತು ತರಲಾಗದು. ಈ ಮಳೆಗಾಲದಲ್ಲಿ ಗೆಳೆಯರು ಅಣಬೆ ಹುಡುಕಿ ಹೊರಡಲಿ, ಬುಡಸಹಿತ ಅಗೆಯಲಿ, ಬೀಜಕಣದ ಚಿತ್ರ ತೆಗೆದು ನಮ್ಮ ಸಸ್ಯಶಾಸ್ತ್ರ ವಿಭಾಗಕ್ಕೆ ತಂದುಕೊಡಲಿ. ಊಟಕ್ಕೆ ಬೇಕಾದರೆ ಅಂಗಡಿಯಲ್ಲಿ ಬೆಳೆಸಿದ ಅಣಬೆ ಸಿಗುತ್ತದೆ. ನನ್ನ ಗೆಳೆಯನ ಬೆಳ್ಳಿಯ ಉಂಗುರ ಇಂದಿಗೂ ಅವನ ಬೆರಳಿನಲ್ಲಿ ಫಳಫಳಿಸುತ್ತಿದೆ. ಅದನ್ನು ಸಾರಿಗೆ ಅದ್ದುವ ಯೋಚನೆ ಮಾತ್ರ ನಮ್ಮಲ್ಲಿ ಯಾರಿಗೂ ಉಳಿದಿಲ್ಲ.