ಇಪ್ಪತ್ತು ವಿಕೆಟ್ಟು ಕೆಡವುವವರು ಯಾರು?

2026ರ ಫೆಬ್ರವರಿ ತಿಂಗಳ ಕೊನೆಯ ಐದು ದಿನಗಳಲ್ಲಿ ನಮ್ಮ ಮೇಜಿನ ಮೇಲಿನ ಕಡತಗಳು ಎಷ್ಟು ಮುಂದೆ ಸರಿದವು ಎಂಬುದನ್ನು ಯಾರೂ ಕೇಳದಿರುವುದೇ ಲೇಸು. ಹುಬ್ಬಳ್ಳಿಯಲ್ಲಿ ರಣಜಿ ಟ್ರೋಫಿಯ ಅಂತಿಮ ಪಂದ್ಯ ನಡೆದಿತ್ತು. ಒಂದು ಕಡೆ ಎಂಟು ಸಲ ಟ್ರೋಫಿ ಗೆದ್ದ ಕರ್ನಾಟಕ. ಇನ್ನೊಂದು ಕಡೆ ಅದುವರೆಗೆ ಅಂತಿಮ ಪಂದ್ಯದ ಮೆಟ್ಟಿಲನ್ನೇ ಹತ್ತದ ಜಮ್ಮು-ಕಾಶ್ಮೀರ. ನಾಸಿಕದಲ್ಲಿರುವ ನಮಗೂ, ಛತ್ರಪತಿ ಸಂಭಾಜಿನಗರದಲ್ಲಿರುವ ನಮ್ಮ ಭಾವನವರಿಗೂ, ಫಲಿತಾಂಶದ ಬಗ್ಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಮಯಾಂಕ ಅಗರವಾಲ್, ರಾಹುಲ್, ದೇವದತ್ತ ಪಡಿಕ್ಕಲ್, ಕರುಣ್ ನಾಯರ್, ಈ ನಾಲ್ವರೂ ಒಂದೇ ತಂಡದಲ್ಲಿದ್ದರೆ ಯಾರಿಗೆ ತಾನೇ ಸಂದೇಹ ಬಂದೀತು?

ಆದರೆ ಕಾಶ್ಮೀರದವರು ಮೊದಲು ಬ್ಯಾಟು ಹಿಡಿದು 584 ರನ್ನು ಕೂಡಿಹಾಕಿದರು. ಎರಡು ದಿನ ಮುಗಿದರೂ ಅವರ ಆಟ ಮುಗಿದಿರಲಿಲ್ಲ. ಪ್ರಸಿದ್ಧ ಕೃಷ್ಣ ಒಬ್ಬರೇ ಎದೆಯೊಡ್ಡಿ ಐದು ವಿಕೆಟ್ಟು ಪಡೆದದ್ದು ನಿಜ. ಆಮೇಲೆ ಬಾರಾಮುಲ್ಲಾದ ಆಕಿಬ್ ನಬಿ ಎಂಬ ಬೌಲರನೂ ಐದು ವಿಕೆಟ್ಟು ಪಡೆದ. ಕರ್ನಾಟಕ 293ಕ್ಕೆ ಕುಸಿಯಿತು. ಪಂದ್ಯ ಡ್ರಾ ಆಯಿತು, ಮೊದಲ ಇನ್ನಿಂಗ್ಸಿನ ಮುನ್ನಡೆಯ ಬಲದಿಂದ ಟ್ರೋಫಿ ಹಿಮಾಲಯದ ಕಡೆಗೆ ಹೊರಟಿತು. ಆ ಹುಡುಗರು ಗೆದ್ದದ್ದಕ್ಕೆ ನಮಗೆ ಸಂತೋಷವಾಗದೆ ಇರಲಿಲ್ಲ. ಆದರೆ ಸೋಮವಾರ ಚಹದ ಹೊತ್ತಿಗೆ ಪಕ್ಕದ ಮೇಜಿನ ಮರಾಠಿ ಮಿತ್ರರು ನಗುತ್ತ, "ಕಾಯ್ ಸಾಹೇಬ, ತುಮ್ಚೇ ಬೋಲರ್ ಕುಠೇ ಗೇಲೇ?" ಎಂದು ಕೇಳಿದಾಗ ಬಾಯಿಗೆ ಉತ್ತರ ಬರಲಿಲ್ಲ. ನಿಮ್ಮ ಬೌಲರುಗಳು ಎಲ್ಲಿ ಹೋದರು? ಈ ಲೇಖನ ಅವರಿಗೆ ನಾವು ತಡವಾಗಿ ಕೊಡುತ್ತಿರುವ ಉತ್ತರವೆಂದೇ ವಾಚಕರು ತಿಳಿಯಬಹುದು.

ಕ್ರಿಕೆಟ್ಟಿನಲ್ಲಿ ಹೆಸರು ಬರುವುದು ಬ್ಯಾಟುಗಾರನಿಗೆ. ಪಂದ್ಯ ಗೆಲ್ಲಿಸುವವನು ಬೌಲರ್. ಎದುರಾಳಿಯ ಇಪ್ಪತ್ತು ವಿಕೆಟ್ಟು ಕೆಡವದೆ ದೊಡ್ಡ ಪಂದ್ಯ ಗೆಲ್ಲುವುದಾಗದು. ಇದನ್ನು ಕರ್ನಾಟಕದವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಾರರು. 1982ರಲ್ಲಿ ದಿಲ್ಲಿಯ ಕೋಟ್ಲಾ ಮೈದಾನದ ಅಂತಿಮ ಪಂದ್ಯದಲ್ಲಿ ನಮ್ಮವರು ಹೊಡೆದದ್ದು 705 ರನ್ನು. ಅಷ್ಟು ರನ್ನು ಹೊಡೆದವರು ಸೋಲಲು ಸಾಧ್ಯವೇ? ಸೋತರು! ದಿಲ್ಲಿಯವರು ಎಂಟು ವಿಕೆಟ್ಟಿಗೆ 707 ಹೊಡೆದು ಮುನ್ನಡೆ ಕಿತ್ತುಕೊಂಡರು. ಅದೇ ವರ್ಷದ ಉಪಾಂತ್ಯ ಪಂದ್ಯದಲ್ಲಿ ಬೆಂಗಳೂರಿನಲ್ಲಿ ಎಡಗೈ ಸ್ಪಿನ್ನರ್ ರಘುರಾಮ ಭಟ್ಟರು ಮುಂಬಯಿಯ ಮೇಲೆ ಹ್ಯಾಟ್ರಿಕ್ ಸಾಧಿಸಿ, ಅವರ ಚೆಂಡಿನ ತಿರುವನ್ನು ತಾಳಲಾರದೆ ಸ್ವತಃ ಗಾವಸ್ಕರರು ಎಡಗೈಯವರಾಗಿ ನಿಂತು ಬ್ಯಾಟು ಬೀಸಿದ್ದರು. ಬೌಲರನ ದಿನವೆಂದರೆ ಹಾಗಿರುತ್ತದೆ. ದಿನ ಅವನದಾಗದಿದ್ದರೆ 705 ಸಹ ಸಾಲದು. (ಆ ಭಟ್ಟರೇ 2022ರಿಂದ ಮೂರು ವರ್ಷ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದರು.)

ಅದಕ್ಕೂ ಹಿಂದಿನ ಕಥೆ ನಮ್ಮ ಹಿರಿಯರಿಗೆ ಬಾಯಿಪಾಠ. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ನಾಲ್ಕೈದು ತಿಂಗಳು ಕಳೆದಿರಲಿಲ್ಲ, 1974ರಲ್ಲಿ ಪ್ರಸನ್ನ, ಚಂದ್ರಶೇಖರ ಜೋಡಿ ಬೆಂಗಳೂರಿನಲ್ಲಿ ಮುಂಬಯಿಯನ್ನು 307ಕ್ಕೆ ಕಟ್ಟಿಹಾಕಿತು. ಹದಿನೈದು ವರ್ಷ ಬಿಡದೆ ಟ್ರೋಫಿ ಇಟ್ಟುಕೊಂಡಿದ್ದ ತಂಡ ಅದು. ವಿಶ್ವನಾಥರ 162 ಎಲ್ಲರಿಗೂ ನೆನಪಿದೆ. ಆದರೆ ಆ 162ಕ್ಕೆ ಬೆಲೆ ಬಂದದ್ದು ಈ ಇಬ್ಬರು ಚೆಂಡು ತಿರುಗಿಸಿದ್ದರಿಂದ. ತೊಂಬತ್ತರ ದಶಕದಲ್ಲಿ ಶ್ರೀನಾಥ, ಪ್ರಸಾದ, ಕುಂಬ್ಳೆ ಮೂವರೂ ಹೆಚ್ಚು ಕಾಲ ದೇಶದ ಕೆಲಸದಲ್ಲೇ ಇರುತ್ತಿದ್ದರು. ಆದರೂ ದೊಡ್ಡ ಗಣೇಶ, ಡೇವಿಡ್ ಜಾನ್ಸನ್, ಸುನಿಲ್ ಜೋಶಿಯಂಥವರು ಮನೆ ನೋಡಿಕೊಂಡರು. ಆ ದಶಕದಲ್ಲಿ ಮೂರು ಸಲ ಟ್ರೋಫಿ ಬಂತು. ಈ ಮಾತನ್ನು ಮುಂದಿನದಕ್ಕಾಗಿ ನೆನಪಿಟ್ಟುಕೊಂಡಿರಬೇಕು.

ಇನ್ನು ನಮ್ಮ ಕಾಲದ ಮೂವರ ವಿಷಯ. ದಾವಣಗೆರೆಯ ಆಟೋ ಚಾಲಕರ ಮಗ ವಿನಯ ಕುಮಾರ್, ಭುಜಬಲದ ಅಭಿಮನ್ಯು ಮಿಥುನ್, ಎಡಗೈಯ ಶ್ರೀನಾಥ ಅರವಿಂದ. ಮೂವರಲ್ಲಿ ಯಾರೂ ಎದುರಾಳಿಯ ಎದೆ ನಡುಗಿಸುವ ವೇಗದವರೇನಲ್ಲ, ಮಿಥುನ್ ಒಬ್ಬರನ್ನು ಬಿಟ್ಟರೆ. ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಜಾಗಕ್ಕೆ ಚೆಂಡು ಹಾಕಿ ಬ್ಯಾಟುಗಾರನಿಗೆ ಬೇಸರ ಹುಟ್ಟಿಸುವ ವಿದ್ಯೆ ಅವರಿಗೆ ಕರಗತವಾಗಿತ್ತು. ಒಬ್ಬನು ಒಂದು ತುದಿಯಲ್ಲಿ ರನ್ನು ಕೊಡದೆ ಕಟ್ಟಿದರೆ, ಇನ್ನೊಬ್ಬನು ಇನ್ನೊಂದು ತುದಿಯಲ್ಲಿ ವಿಕೆಟ್ಟು ತೆಗೆಯುತ್ತಿದ್ದ. ವರ್ಷಗಟ್ಟಲೆ ಒಟ್ಟಿಗೆ ಆಡಿದ್ದರಿಂದ ಬಂದ ಹೊಂದಾಣಿಕೆ ಅದು.

ಆ ಮೂವರ ಮೊದಲ ದೊಡ್ಡ ಗೆಲುವು ಯಾರ ಮೇಲೆ? ನಮಗೆ ಅನ್ನ ಕೊಟ್ಟ ಮಹಾರಾಷ್ಟ್ರದ ಮೇಲೆಯೇ! 2014ರ ಆರಂಭದಲ್ಲಿ ಹೈದರಾಬಾದಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಮಹಾರಾಷ್ಟ್ರ 305 ಮತ್ತು 366, ಕರ್ನಾಟಕ 515 ಮತ್ತು ಮೂರಕ್ಕೆ 157. ಆ ತಂಡದಲ್ಲಿ ಆ ವರ್ಷ ಎಲ್ಲರಿಗಿಂತ ಹೆಚ್ಚು ರನ್ನು ಹೊಡೆದ ಕೇದಾರ ಜಾಧವರಿದ್ದರು. ಆಗ ಔರಂಗಾಬಾದ್ ಎನಿಸಿಕೊಂಡಿದ್ದ ಸಂಭಾಜಿನಗರದ ಹುಡುಗ ಅಂಕಿತ್ ಬಾವನೆಯೂ ಇದ್ದ. ಭಾವನವರ ಓಣಿಯಲ್ಲಿ ಆ ಐದು ದಿನ ಎಲ್ಲರೂ ಬಾವನೆಯ ಪರ. ಇವರ ಮನೆಯೊಂದೇ ಬೇರೆ. ಗೆದ್ದ ಸಂಜೆ ಅಕ್ಕ ಮನೆಯಲ್ಲಿ ಹೋಳಿಗೆ ಮಾಡಿ, "ಏನ ಕಾರಣ ಅಂತ ಯಾರರೆ ಕೇಳಿದರ ಸುಮ್ಮನ ಮಾಡೇವಿ ಅಂತ ಹೇಳ್ರಿ" ಎಂದು ಗಂಡನಿಗೆ ತಾಕೀತು ಮಾಡಿ ನೆರೆಮನೆಗಳಿಗೆಲ್ಲ ಹಂಚಿಸಿದಳು.

ಮುಂದಿನ ವರ್ಷ ಇನ್ನೂ ಜೋರು. ಉಪಾಂತ್ಯದಲ್ಲಿ ಮುಂಬಯಿ 44 ರನ್ನಿಗೆ ಸರ್ವಪತನ. ವಿನಯ ಕುಮಾರ್ 20 ರನ್ನಿಗೆ ಆರು ವಿಕೆಟ್ಟು. ವಾಂಖೇಡೆಯ ಅಂತಿಮ ಪಂದ್ಯದಲ್ಲಿ ತಮಿಳುನಾಡು ಒಂದು ಇನ್ನಿಂಗ್ಸು ಮತ್ತು 217 ರನ್ನುಗಳಿಂದ ಸೋತಿತು. ಕರುಣ್ ನಾಯರರ 328 ಎಲ್ಲ ಪತ್ರಿಕೆಗಳ ತಲೆಬರಹವಾಯಿತು. ಮೊದಲ ದಿನವೇ ಐದು ವಿಕೆಟ್ಟು ಕಿತ್ತು ತಮಿಳುನಾಡನ್ನು 134ಕ್ಕೆ ಇಳಿಸಿದ ನಾಯಕ ವಿನಯ ಕುಮಾರ್, ಮೇಲಿಂದ ತಾವೂ ಒಂದು ಶತಕ ಬಾರಿಸಿದರು. ಅದೇ ಕೊನೆ. ಆಮೇಲೆ ಕರ್ನಾಟಕಕ್ಕೆ ರಣಜಿ ಟ್ರೋಫಿ ಒಲಿದಿಲ್ಲ.

ಅರವಿಂದ 2018ರಲ್ಲಿ ನಿವೃತ್ತರಾದರು. ವಿನಯ ಕುಮಾರ್ 2019ರಲ್ಲಿ ಪುದುಚೇರಿಗೆ ಹೋದರು. ಮಿಥುನ್ 2021ರಲ್ಲಿ ಆಟ ಬಿಟ್ಟರು. ಮೂರು ವರ್ಷಗಳಲ್ಲಿ ಮೂರು ಕಂಬಗಳು ಬಿದ್ದರೆ ಚಪ್ಪರ ನಿಲ್ಲುವುದು ಹೇಗೆ? ಊರು ಬಿಟ್ಟು ಬಂದ ನಾವು ಊರು ಬಿಟ್ಟುಹೋದ ಆಟಗಾರನನ್ನು ದೂರುವುದು ಚೆನ್ನಲ್ಲ, ನಿಜ. ಕರುಣ್ ನಾಯರರೂ ವಿದರ್ಭಕ್ಕೆ ಹೋಗಿ, ಅಲ್ಲಿ ಟ್ರೋಫಿ ಗೆದ್ದು, 2025ರಲ್ಲಿ ಮರಳಿದರು. ಆದರೆ ಬ್ಯಾಟುಗಾರ ಹೋದರೆ ಬದಲಿ ಸಿಗುತ್ತಾನೆ. ಐನೂರು ವಿಕೆಟ್ಟು ಪಡೆದ ಬೌಲರನ ಬದಲಿ ಎಲ್ಲಿಂದ ತರುವುದು?

ಬದಲಿ ಸಿಗದೆ ಆದದ್ದೇನು ಎಂಬುದಕ್ಕೆ ಎರಡು ಪಂದ್ಯಗಳನ್ನು ಹೇಳಿದರೆ ಸಾಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸೌರಾಷ್ಟ್ರದ ಮೇಲೆ ಉಪಾಂತ್ಯ. ಮಯಾಂಕ ಒಬ್ಬರೇ 249 ಹೊಡೆದರು, ತಂಡ 407 ಗಳಿಸಿತು. ಮನೆಯ ಮೈದಾನ, 407 ರನ್ನು, ಇನ್ನೇನು ಬೇಕು? ಸೌರಾಷ್ಟ್ರದ ವಸಾವಡಾ 202, ಜಾಕ್ಸನ್ 160 ಹೊಡೆದು ಮೊತ್ತವನ್ನು 527ಕ್ಕೆ ಒಯ್ದರು. ಕೊನೆಗೆ ನಾಲ್ಕು ವಿಕೆಟ್ಟುಗಳಿಂದ ಗೆದ್ದರು. ಮರುವರ್ಷ ನಾಗಪುರದಲ್ಲಿ ವಿದರ್ಭದ ಮೇಲೆ ಎಂಟರ ಘಟ್ಟದ ಪಂದ್ಯ. ವಿದರ್ಭ ಮೊದಲು 460 ಹೊಡೆಯಿತು. ಎರಡನೆಯ ಸಲ ಕೊಡಗಿನ ವಿದ್ವತ್ ಕಾವೇರಪ್ಪ ಆರು ವಿಕೆಟ್ಟು ಕಿತ್ತು ಅವರನ್ನು 196ಕ್ಕೆ ನಿಲ್ಲಿಸಿದರು. ಆದರೆ ಹೊತ್ತು ಮೀರಿತ್ತು. ಕರ್ನಾಟಕ 127 ರನ್ನುಗಳಿಂದ ಸೋತಿತು. ಅಂದರೆ ಕಸುವು ಇಲ್ಲವೆಂದಲ್ಲ. ಎರಡನೆಯ ಸಲ ಬಂದ ಕಸುವು ಮೊದಲ ಸಲ ಬರಲಿಲ್ಲ. ಮರುವರ್ಷ, 2024-25ರಲ್ಲಿ, ಎಂಟರ ಘಟ್ಟಕ್ಕೂ ತಂಡ ಏರಲಿಲ್ಲ. ಅದೇ ವರ್ಷ ಐವತ್ತು ಓವರುಗಳ ವಿಜಯ ಹಜಾರೆ ಟ್ರೋಫಿಯನ್ನು ಮಾತ್ರ ಗೆದ್ದಿತು! ಹತ್ತು ಓವರು ಹಾಕಿ ಮುಗಿಸುವ ಆಟದಲ್ಲಿ ನಮ್ಮ ಬೌಲರುಗಳು ಗಟ್ಟಿ; ದಿನವಿಡೀ ದುಡಿಯುವ ಆಟದಲ್ಲಿ ಮೆತ್ತಗೆ.

ನಮ್ಮ ಮಟ್ಟಿಗೆ ರೋಗದ ಮೂಲ ಇಲ್ಲಿಯೇ ಇದೆ. ಟ್ವೆಂಟಿ-20 ಆಟದಲ್ಲಿ ಬೌಲರನಿಗೆ ನಾಲ್ಕು ಓವರು. ಆ ನಾಲ್ಕರಲ್ಲಿ ನಿಧಾನದ ಚೆಂಡು, ಬೆರಳಿನ ಚೇಷ್ಟೆ, ಪಾದಕ್ಕೆ ಯಾರ್ಕರ್, ಎಲ್ಲವನ್ನೂ ತೋರಿಸಿ ಮುಗಿಸಬೇಕು. ರಣಜಿಯಲ್ಲಿ ಅದೇ ಹುಡುಗ ಬಿಸಿಲಿನಲ್ಲಿ ಇಪ್ಪತ್ತು ಓವರು, ಒಂದೇ ಚೆಂಡನ್ನು ಆರು ಸಲ, ಮತ್ತೆ ಆರು ಸಲ ಹಾಕಬೇಕು. ಅದು ಬೇರೆಯೇ ಕಸುಬು. ಹಣವಿರುವುದು ಮೊದಲನೆಯದರಲ್ಲಿ, ಹುಡುಗರನ್ನು ಬಯ್ದು ಪ್ರಯೋಜನವಿಲ್ಲ. ಪ್ರಸಿದ್ಧ ಕೃಷ್ಣರಂಥವರು ದೇಶಕ್ಕೆ ಆಡಹೋದಾಗ ರಾಜ್ಯಕ್ಕೆ ಸಿಗುವುದಿಲ್ಲ ಎಂಬ ಸಮಾಧಾನವನ್ನು ಕೆಲವರು ಹೇಳುತ್ತಾರೆ. ತೊಂಬತ್ತರ ದಶಕದ ಮಾತನ್ನು ಅದಕ್ಕಾಗಿಯೇ ನೆನಪಿಡಿ ಎಂದೆವು: ಆಗಲೂ ದೊಡ್ಡವರು ಹೋಗುತ್ತಿದ್ದರು, ಮನೆಯಲ್ಲಿ ಉಳಿದವರು ಗೆಲ್ಲಿಸುತ್ತಿದ್ದರು.

ಹಾಗಾದರೆ ಮುಂದೇನು? ನಾವು ನಿರಾಶರಾಗಿಲ್ಲ. ಕಾವೇರಪ್ಪ 2023ರ ದುಲೀಪ್ ಟ್ರೋಫಿಯ ಅಂತಿಮ ಪಂದ್ಯದಲ್ಲಿ ಪೂಜಾರ, ಸೂರ್ಯಕುಮಾರರಿದ್ದ ಪಶ್ಚಿಮ ವಲಯದ ಮೇಲೆ 53 ರನ್ನಿಗೆ ಏಳು ವಿಕೆಟ್ಟು ತೆಗೆದವರು. ವೈಶಾಖ ವಿಜಯಕುಮಾರ್ ಬೆವರು ಸುರಿಸಲು ಹಿಂಜರಿಯುವವರಲ್ಲ. ವಿದ್ಯಾಧರ ಪಾಟೀಲ, ಸ್ಪಿನ್ನರ್ ಶಿಖರ ಶೆಟ್ಟಿ ಹುಬ್ಬಳ್ಳಿಯ ಅಂತಿಮ ಪಂದ್ಯದವರೆಗೆ ಬಂದರು. ಬೇರೆ ರಾಜ್ಯಕ್ಕೆ ಹೋಗಿ ಮರಳಿದ ಶ್ರೇಯಸ್ ಗೋಪಾಲ್ 2025ರ ಅಕ್ಟೋಬರಿನಲ್ಲಿ ರಾಜಕೋಟದಲ್ಲಿ ಒಂದೇ ಇನ್ನಿಂಗ್ಸಿನಲ್ಲಿ ಎಂಟು ವಿಕೆಟ್ಟು ಪಡೆದರು. ಮುಂದಿನ ತಿಂಗಳು ತಿರುವನಂತಪುರದಲ್ಲಿ ಮೊಹಸಿನ್ ಖಾನ್ ಆರು ವಿಕೆಟ್ಟು ಪಡೆದು ಕೇರಳವನ್ನು ಇನ್ನಿಂಗ್ಸಿನಿಂದ ಸೋಲಿಸಿಕೊಟ್ಟರು. ಸ್ಪಿನ್ ಕಡೆ ನಮಗೆ ಅಷ್ಟು ಚಿಂತೆಯಿಲ್ಲ. ಚಿಂತೆ ಹೊಸ ಚೆಂಡಿನದು. ಇಬ್ಬರು ಮೂವರನ್ನು ಆರಿಸಿ, ಒಂದು ಪಂದ್ಯ ಸೋತ ಮಾತ್ರಕ್ಕೆ ಕೈಬಿಡದೆ, ನಾಲ್ಕು ವರ್ಷ ಒಟ್ಟಿಗೆ ಆಡಿಸಿದರೆ ಮತ್ತೊಂದು ಮೂವರ ಕೂಟ ಹುಟ್ಟೀತು. 2025ರ ಡಿಸೆಂಬರಿನಲ್ಲಿ ರಾಜ್ಯ ಸಂಸ್ಥೆಯ ಅಧ್ಯಕ್ಷರಾಗಿ ಆರಿಸಿಬಂದವರು ವೆಂಕಟೇಶ ಪ್ರಸಾದ್. ಹೊಸ ಚೆಂಡಿನ ಕಷ್ಟ ಗೊತ್ತಿದ್ದವರ ಕೈಯಲ್ಲಿ ಬೀಗದ ಕೈ ಸಿಕ್ಕಿತೆಂಬುದು ನಮಗೆ ಧೈರ್ಯ ತಂದಿತು.

ಇಷ್ಟು ಬರೆದ ಮೇಲೆ ಮನೆಯ ಮಾತನ್ನೂ ಹೇಳಿಬಿಡೋಣ. ಸಂಭಾಜಿನಗರದ ನಮ್ಮ ಸೋದರಳಿಯನಿಗೆ ಈಗ ಹದಿನಾಲ್ಕು. ಆಮ್‌ಖಾಸ್ ಮೈದಾನದಲ್ಲಿ ಬೆಳಗಾದರೆ ಚೆಂಡು ಹಿಡಿದು ಓಡುತ್ತಾನೆ. ಭಾವನವರಿಗೆ ಅವನು ಬ್ಯಾಟುಗಾರನಾಗಬೇಕೆಂಬ ಆಸೆ. "ಬೌಲರ್ ಆಗಿ ಏನ ಮಾಡ್ತಾನ್ರಿ? ಇಪ್ಪತ್ತೈದಕ್ಕ ಬೆನ್ನು ಮುರಕೊಂಡು ಮನ್ಯಾಗ ಕೂಡ್ತಾನ" ಎಂದು ನಮ್ಮ ಮುಂದೆ ಫಿರ್ಯಾದು ತಂದರು. ಅವರ ಅಂಜಿಕೆ ಸುಳ್ಳಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವುಂಟು. ಅಲ್ಲಿಯೂ ತಂಡ ಕಟ್ಟುವವರು ಮೊದಲು ಹುಡುಕುವುದು ಚೆಂಡೆಸೆಯುವವನನ್ನೇ. ಆದರೆ ಹದಿಮೂರು ಹದಿನಾಲ್ಕರ ಹುಡುಗ ಒಂದು ದಿನಕ್ಕೆ 95ಕ್ಕಿಂತ ಹೆಚ್ಚು ಎಸೆತ ಎಸೆಯಬಾರದೆಂದು ಅವರು ಮಿತಿ ಹಾಕಿದ್ದಾರೆ, ಎಸೆದ ಮೇಲೆ ಎಷ್ಟು ದಿನ ವಿಶ್ರಾಂತಿ ಎಂಬುದಕ್ಕೂ ಲೆಕ್ಕವಿದೆ. ನಮ್ಮ ಮೈದಾನಗಳಲ್ಲಿ ಎಣಿಸುವವರಾರು? ಅಂದಿನಿಂದ ಅಕ್ಕ ಒಂದು ಹಳೆಯ ವಹಿಯಲ್ಲಿ ಮಗನ ಓವರುಗಳನ್ನು ಹಾಲಿನ ಲೆಕ್ಕದ ಹಾಗೆ ಬರೆದಿಡುತ್ತಾಳೆ.

ಕಳೆದ ರಜೆಯಲ್ಲಿ ಹುಡುಗ ನಾಸಿಕಕ್ಕೆ ಬಂದಿದ್ದ. ಅನಂತ ಕಾನ್ಹೇರೆ ಮೈದಾನಕ್ಕೆ ಕರೆದೊಯ್ದು, ಇಲ್ಲಿ ಮಹಾರಾಷ್ಟ್ರದವರು ರಣಜಿ ಪಂದ್ಯ ಆಡುತ್ತಾರೆಂದು ತೋರಿಸಿದೆವು. ಬೇಲಿಗೆ ಆತುಕೊಂಡು ಬಹಳ ಹೊತ್ತು ಪಿಚ್ಚಿನ ಕಡೆ ನೋಡಿದ. ಆಮೇಲೆ, "ಮಾಮಾ, ನಾ ಇಲ್ಲೇ ಬೆಳದಾಂವ. ಮುಂದ ನಾ ಮಹಾರಾಷ್ಟ್ರದ ಕಡೆಯಿಂದ ಕರ್ನಾಟಕದ ಮ್ಯಾಲೆ ಬೌಲಿಂಗ್ ಮಾಡಿದರ ನಿಮಗ ಸಿಟ್ಟು ಬರ್ತದೇನ್ರಿ?" ಎಂದ.

ನಾವು ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಬಳಿಕ, "ಅದು ಆಮ್ಯಾಲೆ ನೋಡೋಣ. ಮೊದಲ ಚೆಂಡು ಬಿಡೋ ಮುಂದ ನಿನ್ನ ಎಡಗಾಲು ಗೆರಿ ದಾಟತದ, ಅದನ್ನ ತಿದ್ದಿಕೋ" ಎಂದು ಹೇಳಿ ಮನೆಗೆ ಕರೆತಂದೆವು.